ಮನೆ ಇಲ್ಲದವನು ಹಾಕಿಸಿದ ಗುಡಾರಗಳು

ವಾಕ್ಯಭಾಗ: ಮಾರ್ಕನು 10:28-30

  ಎಲ್ಲರೂ ಕೂತ್ಕೊಳ್ಳಿ.

ಮುಂದಿನ ಗುರುವಾರ ನಮ್ಮ ಫ್ಯಾಮಿಲಿ ಕ್ಯಾಂಪ್ ಶುರು. ಎಷ್ಟು ಜನ ಹೆಸರು ಕೊಟ್ಟಿದ್ದೀರಿ ಅಂತ ಕೈ ಎತ್ತಿಸಲ್ಲ, ಲಿಸ್ಟ್ ನನ್ನ ಹತ್ತಿರಾನೇ ಇದೆ. ಬರದೇ ಇರೋರ ಕಾರಣಗಳೂ ಇವೆ. ಒಬ್ಬರಿಗೆ ಪ್ರಾಜೆಕ್ಟ್ ರಿಲೀಸ್ ಇದೆ, ಒಬ್ಬರಿಗೆ ರಜೆ ಸಿಗಲಿಲ್ಲ, ಇನ್ನೊಬ್ಬರು ಅಲ್ಲಿ ನೆಟ್‌ವರ್ಕ್ ಬರುತ್ತಾ ಅಂತ ವಿಚಾರಿಸಿದ್ರು. ಒಬ್ಬ ತಮ್ಮ ಮಾತ್ರ ನಿಜವಾದ ಪ್ರಶ್ನೆ ಕೇಳಿದ. ಭಾನುವಾರ ಸಭೆಗೆ ಬರ್ತೀವಿ, ವಾರದ ಮಧ್ಯೆ ಪ್ರಾರ್ಥನೆಗೂ ಬರ್ತೀವಿ, ಮನೆ ಬಿಟ್ಟು ಎಲ್ಲರೂ ಮೂರು ದಿನ ಒಂದೇ ಕಡೆ ಇದ್ದರೆ ಅದರಲ್ಲಿ ಹೆಚ್ಚಿಗೆ ಏನು ಸಿಗುತ್ತೆ ಅಂತ. ಆವತ್ತು ನಾನು ನಕ್ಕು ಸುಮ್ಮನಾದೆ. ಇವತ್ತು ಉತ್ತರ ಕೊಡ್ತೀನಿ. ಅದಕ್ಕೆ ಒಬ್ಬ ದೇವಸೇವಕರ ಜೀವನ ಹೇಳಬೇಕು. ಕೊನೆಯಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು.

ಮೊದಲು ವಾಕ್ಯ ನೋಡೋಣ. ನಾವು ಎಲ್ಲಾ ಬಿಟ್ಟು ನಿನ್ನ ಹಿಂದೆ ಬಂದೆವು ಅಂತ ಪೇತ್ರ ಕರ್ತನಿಗೆ ನೆನಪು ಮಾಡಿಕೊಡ್ತಾನೆ. ಕರ್ತನು ಅದಕ್ಕೆ ಗದರಿಸಲ್ಲ. ತನಗಾಗಿಯೂ ಸುವಾರ್ತೆಗಾಗಿಯೂ ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಂದೆತಾಯಿ, ಮಕ್ಕಳು, ಹೊಲ ಬಿಟ್ಟವರಿಗೆ ಈ ಕಾಲದಲ್ಲೇ ನೂರರಷ್ಟು ಸಿಗುತ್ತೆ ಅಂತಾನೆ. ಜೊತೆಗೆ ಹಿಂಸೆಯೂ ಬರುತ್ತೆ, ಮುಂದೆ ನಿತ್ಯಜೀವ ಇದೆ ಅಂತಾನೆ. ಈಗ ಯೋಚನೆ ಮಾಡಿ. ಒಂದು ಮನೆ ಬಿಟ್ಟವನಿಗೆ ನೂರು ಮನೆ ಎಲ್ಲಿಂದ ಬರುತ್ತೆ? ಆಕಾಶದಿಂದ ಬೀಳಲ್ಲ. ಇನ್ನೊಬ್ಬ ವಿಶ್ವಾಸಿ ತನ್ನ ಮನೆಯ ಬಾಗಿಲು ತೆಗೆದಾಗ ಬರುತ್ತೆ. ಈ ವಾಗ್ದಾನವನ್ನು ದೇವರು ನಮ್ಮ ಕೈಯಿಂದಲೇ ನೆರವೇರಿಸ್ತಾನೆ. ಆಮೆನ್?

ನಾನು ಹೇಳೋದು ಫ್ರಾನ್ಸಿಸ್ ಆಸ್ಬರಿ ಅವರ ಬಗ್ಗೆ. 1745ರ ಆಗಸ್ಟ್ ತಿಂಗಳು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಹತ್ತಿರ ಹುಟ್ಟಿದರು. ತಂದೆ ಜೋಸೆಫ್ ಶ್ರೀಮಂತರ ಮನೆಗಳ ತೋಟದಲ್ಲಿ ದುಡಿಯುವವರು. ತಾಯಿ ಎಲಿಜಬೆತ್. ಫ್ರಾನ್ಸಿಸ್‌ಗೆ ಒಬ್ಬಳೇ ಅಕ್ಕ, ಸಾರಾ. ಆ ಮಗು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿತು. ತಾಯಿ ವರ್ಷಗಟ್ಟಲೆ ಆ ದುಃಖದಲ್ಲೇ ಇದ್ದರು. ಆ ಕತ್ತಲೆಯಲ್ಲೇ ಅವರು ದೇವರನ್ನು ಹುಡುಕೋಕೆ ಶುರು ಮಾಡಿದ್ದು. ಮುಂದೆ ತಮ್ಮ ಪುಟ್ಟ ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸಿದರು. ಆ ಮನೆ ಇವತ್ತಿಗೂ ಅಲ್ಲಿ ನಿಂತಿದೆ.

ಹುಡುಗ ಹೆಚ್ಚು ಓದಲಿಲ್ಲ. ಶಾಲೆಯ ಮೇಷ್ಟ್ರು ವಿಪರೀತ ಹೊಡೀತಿದ್ದರು. ಹದಿಮೂರು ವಯಸ್ಸಿನ ಹೊತ್ತಿಗೆ ಶಾಲೆ ಬಿಟ್ಟು, ಲೋಹದ ಕೆಲಸ ಕಲಿಯೋಕೆ ಸೇರಿದ. ಹಗಲೆಲ್ಲ ಕುಲುಮೆಯ ಮುಂದೆ ಕೆಲಸ. ಹರೆಯದಲ್ಲೇ ರಕ್ಷಣೆಯ ಅನುಭವ ಆಯ್ತು, ಇಪ್ಪತ್ತು ತುಂಬುವ ಮೊದಲೇ ಸುತ್ತಲಿನ ಊರುಗಳಲ್ಲಿ ಬೋಧಿಸೋಕೆ ಶುರು ಮಾಡಿದ. ಡಿಗ್ರಿ ಇಲ್ಲ, ದೊಡ್ಡವರ ಶಿಫಾರಸು ಇಲ್ಲ.

1771ರಲ್ಲಿ ಬ್ರಿಸ್ಟಲ್‌ನಲ್ಲಿ ಸೇವಕರ ಕೂಟ. ಜಾನ್ ವೆಸ್ಲಿ ಅವರು ಅಮೆರಿಕಕ್ಕೆ ಯಾರು ಹೋಗ್ತೀರಿ ಅಂತ ಕೇಳಿದರು. ಅಮೆರಿಕ ಅಂದ ತಕ್ಷಣ ನಿಮಗೆ ವೀಸಾ, ಎಚ್‌ ಒನ್ ಬಿ ನೆನಪಾಗುತ್ತೆ! ಆವತ್ತಿನ ಅಮೆರಿಕ ಬೇರೆ. ಸಮುದ್ರದ ದಡದಲ್ಲಿ ಕೆಲವು ಪಟ್ಟಣಗಳು, ಅದರಾಚೆ ಕಾಡು. 25 ವರ್ಷದ ಆಸ್ಬರಿ ಎದ್ದು ನಿಂತರು. ಮನೆಗೆ ಹೋಗಿ ತಂದೆತಾಯಿಗೆ ಹೇಳಬೇಕಾಯ್ತು. ಒಬ್ಬಳೇ ಮಗಳನ್ನು ಮಣ್ಣಿಗಿಟ್ಟ ತಾಯಿ, ಉಳಿದ ಒಬ್ಬನೇ ಮಗನನ್ನು ಕಳಿಸಿಕೊಟ್ಟರು.

ಅವರ ಹತ್ತಿರ ದುಡ್ಡೇ ಇರಲಿಲ್ಲ. ಸ್ನೇಹಿತರು ಬಟ್ಟೆ ಕೊಟ್ಟರು, ಹತ್ತು ಪೌಂಡ್ ಸೇರಿಸಿ ಕೊಟ್ಟರು. ಹಡಗಿನಲ್ಲಿ ಮಲಗೋಕೆ ಬರೀ ಹಲಗೆ, ಎರಡು ಕಂಬಳಿ. ಆ ಪ್ರಯಾಣದಲ್ಲಿ ಅವರು ಡೈರಿಯಲ್ಲಿ ತಮ್ಮನ್ನೇ ವಿಚಾರಣೆ ಮಾಡಿಕೊಂಡರು. ನಾನು ಯಾಕೆ ಹೋಗ್ತಿದ್ದೀನಿ, ಹೆಸರಿಗಾ, ಹಣಕ್ಕಾ ಅಂತ. ಎರಡೂ ಅಲ್ಲ, ದೇವರಿಗಾಗಿ ಬದುಕೋಕೆ, ಬೇರೆಯವರನ್ನೂ ಹಾಗೇ ನಡೆಸೋಕೆ ಅಂತ ಬರೆದುಕೊಂಡರು. ನಾವು ಆಫರ್ ಲೆಟರ್ ಬಂದಾಗ ಎಷ್ಟೋ ಲೆಕ್ಕ ಹಾಕ್ತೀವಿ. ಈ ಒಂದು ಲೆಕ್ಕ ಹಾಕ್ತೀವಾ?

ಅಕ್ಟೋಬರ್ ಕೊನೆಯಲ್ಲಿ ಫಿಲಡೆಲ್ಫಿಯ ಮುಟ್ಟಿದರು. ಅಲ್ಲಿ ಒಂದು ವಿಷಯ ಅವರಿಗೆ ಹಿಡಿಸಲಿಲ್ಲ. ಸೇವಕರು ಪಟ್ಟಣಗಳಲ್ಲೇ ಕೂತಿದ್ದರು. ಚಳಿಗಾಲ, ಬೆಚ್ಚಗಿನ ಮನೆ, ಕೇಳೋಕೆ ಜನ. ಹಳ್ಳಿಗಳಿಗೆ ಹೋಗೋರು ಯಾರು? ಆಸ್ಬರಿ ಕುದುರೆ ಹತ್ತಿ ಹೊರಟರು. ಮುಂದಿನ 45 ವರ್ಷ ಆ ಕುದುರೆಯ ಬೆನ್ನೇ ಅವರ ಮನೆ. ಸ್ವಂತ ಮನೆ ಇಲ್ಲ, ಬಾಡಿಗೆ ಮನೆಯೂ ಇಲ್ಲ. ಒಟ್ಟು ಸುಮಾರು 2,70,000 ಮೈಲಿ ಪ್ರಯಾಣ ಮಾಡಿದರು ಅಂತ ಲೆಕ್ಕ ಹಾಕಿದ್ದಾರೆ. 16,000ಕ್ಕೂ ಹೆಚ್ಚು ಪ್ರಸಂಗ. ವರ್ಷಕ್ಕೆ 64 ಡಾಲರ್ ಸಂಬಳ, ಅದರಲ್ಲೂ ಊರಿಗೆ ತಂದೆತಾಯಿಗೆ ಕಳಿಸ್ತಿದ್ದರು. ದಮ್ಮು, ಜ್ವರ, ಕೀಲುನೋವು ಅವರನ್ನು ಬಿಡಲೇ ಇಲ್ಲ. ಮನಸ್ಸು ಕುಗ್ಗಿದ ದಿನಗಳನ್ನೂ ಡೈರಿಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ವಿಶ್ವಾಸಿಗೆ ಮನಸ್ಸು ಕುಗ್ಗಬಾರದು ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಈ ಮನುಷ್ಯನನ್ನು ನೆನಪಿಡಿ. ಕುಗ್ಗಿದ ಮನಸ್ಸಿನಲ್ಲೇ ಕುದುರೆ ಹತ್ತಿದ್ದಾರೆ.

ಆಮೇಲೆ ಯುದ್ಧ ಬಂತು. ಅಮೆರಿಕದವರು ಇಂಗ್ಲೆಂಡಿನ ರಾಜನ ವಿರುದ್ಧ ಎದ್ದರು. ವೆಸ್ಲಿ ಅವರು ರಾಜನ ಪರವಾಗಿ ಬರೆದುಬಿಟ್ಟರು. ಆಗ ಇಂಗ್ಲೆಂಡಿನಿಂದ ಬಂದ ಸೇವಕರೆಲ್ಲ ಗೂಢಚಾರರೇನೋ ಅನ್ನುವ ಅನುಮಾನ. ವೆಸ್ಲಿ ಕಳಿಸಿದವರು ಒಬ್ಬೊಬ್ಬರಾಗಿ ವಾಪಸ್ಸಾದರು. ಆಸ್ಬರಿ ಹೋಗಲಿಲ್ಲ. ಕಷ್ಟದ ಹೊತ್ತಿನಲ್ಲಿ ಈ ಮಂದೆಯನ್ನು ಬಿಟ್ಟು ಹೋದರೆ ನಾನು ಎಂಥ ಕುರುಬ ಅನ್ನೋದು ಅವರ ಯೋಚನೆ. ಮೇರಿಲ್ಯಾಂಡ್‌ನಲ್ಲಿ ಕೇಳಿದ ಪ್ರಮಾಣವಚನಕ್ಕೆ ಮನಸ್ಸಾಕ್ಷಿ ಒಪ್ಪಲಿಲ್ಲ. ಡೆಲವೇರ್‌ಗೆ ಹೋಗಿ, ಥಾಮಸ್ ವೈಟ್ ಅನ್ನುವ ನ್ಯಾಯಾಧೀಶರ ಮನೆಯಲ್ಲಿ ಆಶ್ರಯ ಪಡೆದರು. ಆ ವೈಟ್ ಅವರನ್ನೇ ಕೆಲವು ವಾರ ಬಂಧಿಸಿದರು. ಮಾರ್ಕ 10 ನೆನಪಿದೆಯಾ? ಹಿಂಸೆ ಇತ್ತು, ಅದರ ಜೊತೆಗೇ ಮನೆಯೂ ಸಿಕ್ಕಿತು. ಒಂದು ಕುಟುಂಬ ಬೆಲೆ ಕೊಟ್ಟು ಬಾಗಿಲು ತೆಗೆಯಿತು.

ಯುದ್ಧ ಮುಗಿದ ಮೇಲೆ, 1784ರ ಕ್ರಿಸ್‌ಮಸ್ ಸಮಯದಲ್ಲಿ ಬಾಲ್ಟಿಮೋರ್‌ನಲ್ಲಿ ಸೇವಕರು ಕೂಡಿದರು. ವೆಸ್ಲಿ ಅವರು ಆಸ್ಬರಿಯನ್ನು ಮೇಲ್ವಿಚಾರಕರಾಗಿ ಆರಿಸಿದ್ದರು. ಜೊತೆಯ ಸೇವಕರು ಒಪ್ಪಿದರೆ ಮಾತ್ರ ಈ ಕೆಲಸ ತಗೊಳ್ತೀನಿ ಅಂತ ಆಸ್ಬರಿ ಹಟ ಹಿಡಿದರು. ಎಲ್ಲರೂ ಒಪ್ಪಿದರು. ಮುಂದೆ ಅವರನ್ನು ಬಿಷಪ್ ಅಂತ ಕರೆದರು. ಪದವಿ ಬಂದ ಮೇಲೂ ಕುದುರೆ ಬದಲಾಗಲಿಲ್ಲ. 1806ರ ಒಂದು ಕೂಟದಲ್ಲಿ ಬಡ ಸೇವಕರ ಕಷ್ಟ ನೋಡಿ, ತಮ್ಮ ಗಡಿಯಾರ, ಕೋಟು, ಅಂಗಿಯನ್ನೇ ಕೊಟ್ಟುಬಿಟ್ಟರು. ಅಧ್ಯಕ್ಷ ಅಂದರೆ ಇದು, ಪ್ರಿಯರೇ.

ಅವರು ಮದುವೆಯಾಗಲಿಲ್ಲ. ಯಾವಾಗಲೂ ದಾರಿಯಲ್ಲಿರುವ ಗಂಡನನ್ನು ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಯಾಕೆ ಕಷ್ಟಪಡಬೇಕು ಅನ್ನೋದು ಒಂದು ಕಾರಣ, ಊರಿನಲ್ಲಿ ತಾಯಿಗೆ ಹಣ ಕಳಿಸಬೇಕಾಗಿದ್ದದ್ದು ಇನ್ನೊಂದು. ಈಗ ದೇವರ ಕೆಲಸ ನೋಡಿ. ಮನೆ ಇಲ್ಲದ, ಮಡದಿ ಮಕ್ಕಳಿಲ್ಲದ ಈ ಮನುಷ್ಯ ಸಾವಿರಾರು ಕುಟುಂಬಗಳನ್ನು ಒಂದೇ ಜಾಗದಲ್ಲಿ ಕೂಡಿಸಿದರು. ಎಲ್ಲಿ? ಕ್ಯಾಂಪ್‌ನಲ್ಲಿ!

ಕ್ಯಾಂಪ್ ಅನ್ನೋದನ್ನು ಆಸ್ಬರಿ ಕಂಡುಹಿಡಿಯಲಿಲ್ಲ. 1800ರ ಬೇಸಿಗೆಯಲ್ಲಿ ಕೆಂಟಕಿಯ ಗ್ಯಾಸ್ಪರ್ ನದಿಯ ಹತ್ತಿರ ಜೇಮ್ಸ್ ಮೆಕ್‌ಗ್ರೆಡಿ ಅನ್ನುವ ಪ್ರೆಸ್ಬಿಟೇರಿಯನ್ ಸೇವಕರು ಕರ್ತನ ಭೋಜನಕ್ಕೆ ಜನರನ್ನು ಕರೆದರು. ಅಲ್ಲಿ ಜನ ಕಾಡಿನ ಮಧ್ಯೆ ದೂರದೂರ ಮನೆ ಕಟ್ಟಿಕೊಂಡಿದ್ದರು. ಪಕ್ಕದ ಮನೆ ಅಂದರೆ ಮೈಲಿಗಟ್ಟಲೆ. ಕೂಟಕ್ಕೆ ಬರೋಕೇ ಒಂದೆರಡು ದಿನ. ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ಬರೋಕೆ ಆಗಲ್ಲ. ಹಾಗಾಗಿ ಬಂಡಿಯಲ್ಲಿ ಹಾಸಿಗೆ, ಪಾತ್ರೆ, ಊಟದ ಸಾಮಾನು, ಮಕ್ಕಳು, ಅಜ್ಜಿ, ಎಲ್ಲರನ್ನೂ ಕೂರಿಸಿಕೊಂಡು ಬಂದು ಅಲ್ಲೇ ಇದ್ದರು. ಮರುವರ್ಷ ಆಗಸ್ಟ್‌ನಲ್ಲಿ ಕೇನ್ ರಿಡ್ಜ್ ಅನ್ನುವ ಕಡೆ ಕೂಡಿದವರು ಹತ್ತು ಸಾವಿರಕ್ಕೂ ಹೆಚ್ಚು ಅಂತ ಅಂದಾಜು. ಆ ರಾಜ್ಯದ ಅತಿ ದೊಡ್ಡ ಊರಾದ ಲೆಕ್ಸಿಂಗ್ಟನ್‌ನಲ್ಲಿ ಆಗ 2,000 ಜನವೂ ಇರಲಿಲ್ಲ!

ಆಸ್ಬರಿ 1800ರ ಅಕ್ಟೋಬರ್‌ನಲ್ಲಿ ಟೆನೆಸೀಯಲ್ಲಿ ಇಂಥ ಕೂಟವನ್ನು ಕಣ್ಣಾರೆ ಕಂಡರು. ಎತ್ತರದ ಮರಗಳ ಕೆಳಗೆ ಪ್ರಸಂಗದ ಅಟ್ಟ, ರಾತ್ರಿ ಕತ್ತಲಲ್ಲಿ ಉರಿಯುವ ಬೆಂಕಿ, ಅಳುತ್ತಾ ಪ್ರಾರ್ಥಿಸುವ ಜನ. ದೇವರು ಇದನ್ನು ಉಪಯೋಗಿಸ್ತಿದ್ದಾನೆ ಅಂತ ಅವರಿಗೆ ಗೊತ್ತಾಯ್ತು. ಒಂಟಿ ಗಾಳ ಬಿಟ್ಟು ದೊಡ್ಡ ಬಲೆ ಬೀಸಿದ ಹಾಗೆ ಅಂತ ತಿಳಿದುಕೊಂಡರು. ಎಲ್ಲಾ ಕಡೆ ಸೇವಕರಿಗೆ ಪತ್ರ ಬರೆದು ಕ್ಯಾಂಪ್ ನಡೆಸಿ ಅಂತ ಒತ್ತಾಯ ಮಾಡಿದರು. 1811ರ ಹೊತ್ತಿಗೆ ವರ್ಷಕ್ಕೆ 400ಕ್ಕೂ ಹೆಚ್ಚು ಕ್ಯಾಂಪ್ ನಡೀತಿದ್ದವು ಅನ್ನೋ ಅಂದಾಜಿದೆ.

ಕ್ಯಾಂಪ್ ಹೇಗಿರ್ತಿತ್ತು? ಹೊಲದ ಕೆಲಸ ಸ್ವಲ್ಪ ಬಿಡುವಾದ ಮೇಲೆ, ನೀರಿರುವ ಜಾಗ ನೋಡಿ ಹಾಕುವರು. ನಡುವೆ ಹಲಗೆಯ ಆಸನಗಳು, ಸುತ್ತ ಗುಡಾರಗಳ ಸಾಲು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬೆಳಗಿನ ಜಾವ ಕಹಳೆ ಊದಿದರೆ ಏಳಬೇಕು, ಗುಡಾರದಲ್ಲಿ ಕುಟುಂಬ ಪ್ರಾರ್ಥನೆ, ಆಮೇಲೆ ಪ್ರಸಂಗದ ಮೇಲೆ ಪ್ರಸಂಗ. ರಾತ್ರಿ ಮಣ್ಣು ಹಾಕಿದ ಅಟ್ಟಣಿಗೆಗಳ ಮೇಲೆ ಬೆಂಕಿ ಉರಿಸಿ ಬೆಳಕು. ಜನ ಬಿದ್ದರು, ನಡುಗಿದರು, ಜೋರಾಗಿ ಸ್ತುತಿಸಿದರು. ಪಟ್ಟಣದ ಮರ್ಯಾದಸ್ಥರು ಇದೆಂಥ ಗಲಾಟೆ ಅಂತ ಮೂಗು ಮುರಿದರು. ನಮಗೆ ಈ ಮಾತು ಹೊಸದಲ್ಲ, ಅಲ್ವಾ? ನಮ್ಮ ವಾಕ್ಯದಲ್ಲೂ ಇದಕ್ಕೆ ಬೇರು ಇದೆ. ಪರ್ಣಶಾಲೆಗಳ ಜಾತ್ರೆಯಲ್ಲಿ ಇಸ್ರಾಯೇಲ್ಯರು ಮನೆ ಬಿಟ್ಟು ಏಳು ದಿನ ಪರ್ಣಶಾಲೆಗಳಲ್ಲಿ ಇರಬೇಕು ಅಂತ ಯಾಜಕಕಾಂಡ 23ರಲ್ಲಿ ದೇವರೇ ಹೇಳಿದ್ದಾನೆ.

ಈ ಎಲ್ಲದರ ನಡುವೆ ಊರಿನಲ್ಲಿ ಏನಾಯ್ತು? 1798ರಲ್ಲಿ ತಂದೆ ತೀರಿಕೊಂಡರು. 1802ರ ಆರಂಭದಲ್ಲಿ ತಾಯಿ ಹೋದರು. ಸುದ್ದಿ ಮಗನಿಗೆ ಮುಟ್ಟೋಕೆ ತಿಂಗಳುಗಳು ಹಿಡಿದವು. ಅಮೆರಿಕಕ್ಕೆ ಬನ್ನಿ ಅಂತ ಅವರು ತಂದೆತಾಯಿಯನ್ನು ಕರೆದಿದ್ದರು, ಅದು ಆಗಲಿಲ್ಲ. 1771ರಲ್ಲಿ ಹೊರಟವರು ಮತ್ತೆ ಅವರ ಮುಖ ನೋಡಲೇ ಇಲ್ಲ. ಇದನ್ನು ನಾನು ಸಿಹಿ ಮಾಡಿ ಹೇಳಲ್ಲ. ನೂರರಷ್ಟು ಸಿಕ್ಕಿದರೂ ಆ ಒಂದು ಮನೆಯ ನೋವು ನೋವೇ. ನಿಮ್ಮಲ್ಲಿ ಬೀದರ್, ಕಲಬುರಗಿ, ಮಂಗಳೂರು ಕಡೆಯಿಂದ ಬಂದು ಇಲ್ಲಿ ಪಿಜಿಯಲ್ಲಿ ಇರೋರು ಎಷ್ಟೋ ಜನ. ಆಸ್ಬರಿಗೆ ಪತ್ರ ತಲುಪೋಕೆ ತಿಂಗಳುಗಳು ಬೇಕಿತ್ತು. ನಮಗೆ ಒಂದು ಬಟನ್ ಸಾಕು. ಇವತ್ತು ಸಭೆ ಮುಗಿದ ಮೇಲೆ ಅಮ್ಮನಿಗೆ ಫೋನ್ ಮಾಡಿ. ಸೇವೆಯ ಹೆಸರಲ್ಲಿ ಅದನ್ನು ಮರೀಬೇಡಿ.

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ದೇವಸೇವಕರ ಜೀವನ ಹೇಳುವಾಗ ಅವರ ತಪ್ಪನ್ನು ಮುಚ್ಚಬಾರದು, ಯಾಕಂದ್ರೆ ವೇದವೇ ದಾವೀದನ ತಪ್ಪನ್ನು ಮುಚ್ಚಲಿಲ್ಲ.

ಆಸ್ಬರಿ ಗುಲಾಮಗಿರಿಯನ್ನು ದ್ವೇಷಿಸಿದವರು. ಹ್ಯಾರಿ ಹೋಸಿಯರ್ ಅನ್ನುವ ಕಪ್ಪು ಸಹೋದರ ಅವರ ಜೊತೆ ಪ್ರಯಾಣ ಮಾಡ್ತಿದ್ದರು. ಅವರಿಗೆ ಓದೋಕೆ ಬರ್ತಿರಲಿಲ್ಲ, ಆದರೆ ವಾಕ್ಯ ಹೃದಯದಲ್ಲಿತ್ತು. ಹೊರಗೆ ನಿಂತು ಹೋಸಿಯರ್ ಪ್ರಸಂಗ ಕೇಳಿದ ಜನ, ಇವರೇ ಬಿಷಪ್ ಅಂದುಕೊಂಡರು ಅನ್ನುವ ಕಥೆ ಇದೆ. 1784ರಲ್ಲಿ ಸಭೆ ಗುಲಾಮರನ್ನು ಇಟ್ಟುಕೊಂಡವರ ವಿರುದ್ಧ ಕಠಿಣ ನಿಯಮ ಮಾಡಿತು. 1785ರಲ್ಲಿ ಆಸ್ಬರಿ ಮತ್ತು ಥಾಮಸ್ ಕೋಕ್ ಜಾರ್ಜ್ ವಾಷಿಂಗ್ಟನ್ ಅವರ ಮನೆಗೇ ಹೋಗಿ, ಗುಲಾಮರ ಬಿಡುಗಡೆಯ ಮನವಿಗೆ ಸಹಿ ಕೇಳಿದರು. ಸಹಿ ಸಿಗಲಿಲ್ಲ. ಆದರೆ ದಕ್ಷಿಣದ ಶ್ರೀಮಂತರು ಸಿಟ್ಟಾದಾಗ, ಕೆಲವೇ ತಿಂಗಳಲ್ಲಿ ಸಭೆ ಆ ನಿಯಮವನ್ನು ತಡೆಹಿಡಿಯಿತು. ವರ್ಷ ಕಳೆದ ಹಾಗೆ ಆಸ್ಬರಿಯೂ ಮೆತ್ತಗಾದರು. ಈ ವಿಷಯ ಎತ್ತಿದರೆ ತೋಟಗಳ ಒಳಗೆ ಗುಲಾಮರಿಗೆ ಸುವಾರ್ತೆ ಹೇಳೋಕೂ ಬಿಡಲ್ಲ ಅನ್ನುವ ಭಯ. 1808ರಲ್ಲಿ ದಕ್ಷಿಣ ಕೆರೊಲಿನಾಗೆ ಕಳಿಸುವ ನಿಯಮದ ಪುಸ್ತಕದಿಂದ ಗುಲಾಮಗಿರಿಯ ಭಾಗವನ್ನೇ ತೆಗೆದು ಮುದ್ರಿಸೋಕೆ ಸಭೆ ಒಪ್ಪಿತು.

ಇದು ಕ್ಯಾಂಪ್‌ನಲ್ಲೂ ಕಾಣಿಸ್ತು. ಎಷ್ಟೋ ಕ್ಯಾಂಪ್‌ಗಳಲ್ಲಿ ಬಿಳಿಯರ ಗುಡಾರಗಳು ಪ್ರಸಂಗದ ಅಟ್ಟದ ಮುಂದೆ, ಕಪ್ಪು ವಿಶ್ವಾಸಿಗಳ ಜಾಗ ಅಟ್ಟದ ಹಿಂದೆ. ಒಂದೇ ಆತ್ಮ, ಒಂದೇ ಹಾಡು, ನಡುವೆ ಬೇಲಿ. ಯೋಚಿಸಿ, ಮನೆಯನ್ನೇ ಬಿಡೋಕೆ ಧೈರ್ಯ ಇದ್ದ ಮನುಷ್ಯನಿಗೆ ಆ ಬೇಲಿ ಕಿತ್ತು ಹಾಕೋಕೆ ಧೈರ್ಯ ಸಾಲಲಿಲ್ಲ.

1816ರ ಮಾರ್ಚ್ 24, ಭಾನುವಾರ. ರಿಚ್ಮಂಡ್ ಪಟ್ಟಣ. ಆಸ್ಬರಿಗೆ 70 ವರ್ಷ, ನಡೆಯೋಕೂ ಆಗಲ್ಲ, ನಿಲ್ಲೋಕೂ ಆಗಲ್ಲ. ಎತ್ತಿಕೊಂಡು ಬಂದು ಮೇಜಿನ ಮೇಲೆ ಕೂರಿಸಿದರು. ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಸುಮಾರು ಒಂದು ಗಂಟೆ ಬೋಧಿಸಿದರು. ಅದೇ ಕೊನೆ. ಒಂದು ವಾರದ ನಂತರ ಮಾರ್ಚ್ 31ರಂದು, ವರ್ಜೀನಿಯಾದಲ್ಲಿ ಒಬ್ಬ ಸ್ನೇಹಿತರ ಮನೆಯಲ್ಲಿ ಪ್ರಾಣ ಬಿಟ್ಟರು. ಮಾತು ನಿಂತುಹೋಗಿತ್ತು. ಕ್ರಿಸ್ತನು ಈಗಲೂ ಅಮೂಲ್ಯನಾ ಅಂತ ಕೇಳಿದಾಗ ಎರಡೂ ಕೈ ಮೇಲೆತ್ತಿದರು. ಸ್ವಂತ ಮನೆ ಇಲ್ಲದವರು ಇನ್ನೊಬ್ಬ ವಿಶ್ವಾಸಿಯ ಮನೆಯಲ್ಲಿ ಕಣ್ಣು ಮುಚ್ಚಿದರು. ನೂರರಷ್ಟು! ಅವರು ಬಂದಾಗ ಅಮೆರಿಕದಲ್ಲಿ ಮೆಥೋಡಿಸ್ಟರು ಸುಮಾರು 600. ಅವರು ಹೋದಾಗ ಎರಡು ಲಕ್ಷಕ್ಕೂ ಹೆಚ್ಚು.

ಆ ಗುಡಾರಗಳ ಬೆಂಕಿ ಅಲ್ಲಿಗೇ ಆರಲಿಲ್ಲ. 1867ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಪರಿಶುದ್ಧತೆಗಾಗಿ ದೊಡ್ಡ ಕ್ಯಾಂಪ್ ನಡೆಯಿತು. ಆ ಪರಿಶುದ್ಧತೆಯ ಚಳವಳಿಯ ಮಡಿಲಲ್ಲೇ ಪೆಂಟೆಕೋಸ್ಟ್ ಸಭೆಗಳು ಹುಟ್ಟಿದ್ದು. ನಮ್ಮ ನಾಡಿನ ಮೆಥೋಡಿಸ್ಟ್ ಸಭೆಗಳೂ ಅಮೆರಿಕದ ಅದೇ ಸಭೆಯಿಂದ ಬಂದವು. 1870ರ ದಶಕದಲ್ಲಿ ಬೆಂಗಳೂರಿಗೆ ಬಂದ ವಿಲಿಯಂ ಟೇಲರ್ ಆ ಸಭೆಯವರೇ. ಗಡಿಯಾಚೆ ತೆಲಂಗಾಣದ ಧಾರೂರಿನಲ್ಲಿ ನಡೆಯುವ ಮೆಥೋಡಿಸ್ಟ್ ಜಾತ್ರೆ ಬೀದರ್ ಕಡೆಯವರಿಗೆ ಗೊತ್ತು. ಗುಡಾರ ಹಾಕಿ, ಅಡುಗೆ ಮಾಡಿಕೊಂಡು, ವಾಕ್ಯ ಕೇಳುವ ಜಾತ್ರೆ.

1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಆತ್ಮನು ಇಳಿದಾಗ ಏನಾಯ್ತು? ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿದ ವಿಲಿಯಂ ಸೀಮೋರ್ ಮುಂದೆ ನಿಂತರು. ಕಪ್ಪು, ಬಿಳಿ ಎಲ್ಲರೂ ಒಂದೇ ನೆಲದ ಮೇಲೆ ಮೊಣಕಾಲೂರಿದರು. ಆಸ್ಬರಿಗೆ ಕೀಳೋಕೆ ಆಗದ ಬೇಲಿಯನ್ನು ಪವಿತ್ರಾತ್ಮನು ಕಿತ್ತನು. ಹಲ್ಲೆಲೂಯಾ! ಮನುಷ್ಯರು ಆಮೇಲೆ ಮತ್ತೆ ಬೇಲಿ ಹಾಕಿಕೊಂಡರು, ಅದು ನಮ್ಮ ನಾಚಿಕೆ.

ಈಗ ನನ್ನ ತಪ್ಪು. ಹೋದ ವರ್ಷದ ಕ್ಯಾಂಪ್‌ನಲ್ಲಿ ಎರಡು ದರ ಇಟ್ಟಿದ್ದೆವು, ನೆನಪಿದೆಯಾ? ಹೆಚ್ಚು ಕೊಟ್ಟವರಿಗೆ ಕಾಟೇಜ್, ಕಡಿಮೆ ಕೊಟ್ಟವರಿಗೆ ಡಾರ್ಮಿಟರಿ. ಊಟವೂ ಬೇರೆ ಬೇರೆ ಕಡೆ. ಸೆಕ್ಯುರಿಟಿ ಕೆಲಸ ಮಾಡುವ ನಮ್ಮ ಒಬ್ಬ ಅಣ್ಣನ ಚಿಕ್ಕ ಮಗಳು, ತನ್ನ ಸಂಡೇ ಸ್ಕೂಲ್ ಗೆಳತಿಯ ಜೊತೆ ಊಟಕ್ಕೆ ಕಾಟೇಜ್ ಕಡೆ ಹೋದಾಗ, ನಮ್ಮವರೇ ಒಬ್ಬರು ತಟ್ಟೆ ಇಸ್ಕೊಂಡು ವಾಪಸ್ ಕಳಿಸಿದರು. ಆ ಮಗುವಿನ ತಾಯಿ ಬಂದು ನನಗೆ ಹೇಳಿದಾಗ, ವ್ಯವಸ್ಥೆ ಹಾಗಿದೆ ಅಕ್ಕ, ತಪ್ಪು ತಿಳ್ಕೋಬೇಡಿ ಅಂದುಬಿಟ್ಟೆ. ಅವತ್ತು ಸಂಜೆ ನಾನು ದೇವರ ಕುಟುಂಬದ ಬಗ್ಗೆ ಪ್ರಸಂಗ ಮಾಡಿದೆ. ಸ್ವಲ್ಪ ದಿನದಲ್ಲಿ ಆ ಕುಟುಂಬ ಸಭೆಗೆ ಬರೋದು ನಿಲ್ಲಿಸ್ತು. ನಾನು ವಿಚಾರಿಸಲೂ ಇಲ್ಲ.

ಆಸ್ಬರಿ ಅವರ ಜೀವನ ಓದ್ತಾ ಅಟ್ಟದ ಹಿಂದಿನ ಗುಡಾರಗಳ ವಿಷಯಕ್ಕೆ ಬಂದಾಗ ಮುಂದೆ ಓದೋಕೆ ಆಗಲಿಲ್ಲ. ಮಂಗಳವಾರ ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಆ ಮಗುವಿನ ಹತ್ತಿರಾನೂ ಕೇಳಿದೆ. ಅಣ್ಣ ಟೀ ಕೊಟ್ಟರು. ಕ್ಯಾಂಪ್‌ಗೆ ಬರ್ತೀವಿ ಅಂತ ಹೇಳಲಿಲ್ಲ, ಬರಲ್ಲ ಅಂತಾನೂ ಹೇಳಲಿಲ್ಲ. ಅವರಿಗಾಗಿ ಪ್ರಾರ್ಥಿಸಿ, ನನಗಾಗಿಯೂ ಪ್ರಾರ್ಥಿಸಿ.

ಈ ವರ್ಷ ಎರಡು ದರ ಇಲ್ಲ. ಕೊಡೋಕೆ ಆಗುವವರು ಹೆಚ್ಚು ಕೊಡಿ, ಆಗದವರು ಕೊಡಬೇಡಿ, ಯಾರು ಎಷ್ಟು ಕೊಟ್ಟರು ಅಂತ ಖಜಾಂಚಿ ಬಿಟ್ಟು ಯಾರಿಗೂ ಗೊತ್ತಾಗಲ್ಲ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಿಗೆ ಮೊದಲು ಕಾಟೇಜ್, ಉಳಿದವರಿಗೆ ಚೀಟಿ ಎತ್ತಿ ಕೋಣೆ ಹಂಚ್ತೀವಿ. ನನ್ನ ಹೆಸರೂ ಆ ಚೀಟಿಯಲ್ಲಿರುತ್ತೆ. ಊಟ ಒಂದೇ ಪಂಕ್ತಿ.

ತಮ್ಮಾ, ನೀನು ಕೇಳಿದೆಯಲ್ಲ, ಮನೆ ಬಿಟ್ಟು ಮೂರು ದಿನ ಒಟ್ಟಿಗೆ ಇದ್ದರೆ ಏನು ಸಿಗುತ್ತೆ ಅಂತ. ಭಾನುವಾರ ಎರಡು ಗಂಟೆ ಪಕ್ಕದಲ್ಲಿ ಕೂತು ಎದ್ದು ಹೋದರೆ ನಮ್ಮ ನಡುವಿನ ಬೇಲಿ ಕಾಣಿಸಲ್ಲ. ಮೂರು ದಿನ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಂದೇ ನಲ್ಲಿಯಲ್ಲಿ ಮುಖ ತೊಳೆದರೆ ಕಾಣಿಸುತ್ತೆ. ಕಂಡ ಮೇಲೆ ಅದನ್ನು ಕೀಳೋಕೆ ಆತ್ಮನ ಹತ್ತಿರ ಬಲ ಕೇಳಬಹುದು. ಕರ್ತನು ಹೇಳಿದ ನೂರು ಮನೆಗಳಲ್ಲಿ ನಿನ್ನ ಮನೆಯೂ ಒಂದು. ಅದನ್ನು ಯಾರಿಗೆ ತೆಗೀತೀಯ?

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪ್ರೀತಿಯುಳ್ಳ ತಂದೆಯೇ, ನಿನಗಾಗಿ ಮನೆ ಬಿಟ್ಟ ನಿನ್ನ ಸೇವಕರಿಗಾಗಿ ಸ್ತೋತ್ರ. ಊರು ಬಿಟ್ಟು ಈ ಪಟ್ಟಣಕ್ಕೆ ಬಂದ ನಿನ್ನ ಮಕ್ಕಳನ್ನು ನೋಡು. ಅವರಿಗೆ ಇಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರನ್ನು ಕೊಡು. ದೂರದಲ್ಲಿರುವ ಅವರ ತಂದೆತಾಯಿಯನ್ನು ಕಾಪಾಡು. ನಾವು ಹಾಕಿದ ಬೇಲಿಗಳಿಗಾಗಿ ನಮ್ಮನ್ನು ಕ್ಷಮಿಸು. ನಿನ್ನ ಆತ್ಮನಿಂದ ಅವುಗಳನ್ನು ಕಿತ್ತುಹಾಕು, ನಮ್ಮಿಂದಲೇ ಶುರು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.